ಮೊನೆ ಮುಚ್ಚಿದ ಗಾಳ: ಜೊಂಡು ಬೆಳೆದ ಕೆರೆಗಳಲ್ಲಿ ಕೊರವ ಮೀನನ್ನು ಹಿಡಿಯುವ ಒಂದು ಹೊಸ ಉಪಾಯ

ಹೊಸ ಸಲಕರಣೆಯೊಂದು ಊರಿಗೆ ಬಂದ ಕೂಡಲೆ ಅದನ್ನು ನಂಬುವವನು ಜಾಣನಲ್ಲ; ಪರೀಕ್ಷಿಸಿ ನೋಡದೆ ಅದನ್ನು ತಳ್ಳಿಹಾಕುವವನೂ ಜಾಣನಲ್ಲ. ಒಕ್ಕಲುತನದಲ್ಲಿ ಈ ಮಾತಿಗೆ ಕಬ್ಬಿಣದ ನೇಗಿಲೇ ಸಾಕ್ಷಿಯಾಗಿರುವದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ನೆಯ ಇಸವಿಯಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ೨೦ನೆಯ ಶತಮಾನದ ಆರಂಭದಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿ ಮಾರಾಟಕ್ಕಿಟ್ಟಾಗ, ಕಬ್ಬಿಣವು ಭೂಮಿಗೆ ವಿಷವಾದೀತೆಂದು ರೈತರು ಅಂಜಿದರು. ಮೊದಲನೆಯ ಕೆಲವು ನೇಗಿಲುಗಳು ಮಾರಾಟವಾಗಬೇಕಾದರೆ ಎರಡು ವರುಷಗಳು ಹಿಡಿದವೆಂದು ಹೇಳುವರು. ಮುಂದೆ ಅದೇ ನೇಗಿಲು ಮನೆಮನೆಗೆ ಬಂದಿತು. ನೇಗಿಲು ಬದಲಾಗಿರಲಿಲ್ಲ, ಅದನ್ನು ಕುರಿತ ತಿಳುವಳಿಕೆಯು ಬದಲಾಗಿದ್ದಿತು.

ಇಂಥದೇ ಒಂದು ಸಂಶಯವು ಈಗ ಕೆರೆಯ ದಂಡೆಯ ಮೇಲೆ ತಲೆಯೆತ್ತಿರುವದು. ವಿಷಯವು ಒಂದು ಗಾಳದ್ದು. ಗಾಳವೆಂದರೆ ಮೊನೆ, ಮೊನೆಯಿಲ್ಲದ ಗಾಳವು ಗಾಳವಲ್ಲ. ಆದರೆ ಹೊಸ ಬಗೆಯ ಈ ಕಟ್ಟಿನಲ್ಲಿ ಆ ಮೊನೆಯನ್ನೇ ಎರೆಯ ಮೈಯೊಳಗೆ ಅಡಗಿಸಿ ನೀರಿಗೆ ಎಸೆಯುವರು. ಮೀನುಗಾರಿಕೆಯಲ್ಲಿ ನುರಿತವರೇ ಇದನ್ನು ಕಂಡು ನಕ್ಕರೆ ಆಶ್ಚರ್ಯವಿಲ್ಲ. ಕೆರೆಯ ಮೀನಿನಲ್ಲಿ ಊರಿನ ಹಣವೂ ಬಡ ಕುಟುಂಬಗಳ ಹೊಟ್ಟೆಪಾಡೂ ಸೇರಿರುವದರಿಂದ, ಗೌಡರೂ ಹಿರಿಯರೂ ಜಮೀನುದಾರರೂ ಈ ವಿಷಯವನ್ನು ತಿಳಿದುಕೊಳ್ಳುವದು ಉಪಯುಕ್ತವಾಗಿರುವದು.

ಡೋಣಿ ಸೀಮೆಯ ಕೆರೆಗಳು

ಡೋಣಿ ಗ್ರಾಮವು ಗದಗ ಜಿಲ್ಲೆಯ ಮುಂಡರಗಿ ತಾಲೂಕಿನಲ್ಲಿ ಕಪ್ಪತಗುಡ್ಡದ ಮಗ್ಗುಲಲ್ಲಿರುವದು. ಹೆಸರನ್ನು ಕೇಳಿದವರಿಗೆ ದೋಣಿಯ ನೆನಪಾದರೂ, ದೋಣಿ ತೇಲುವಷ್ಟು ನೀರು ವರ್ಷವೆಲ್ಲ ನಿಲ್ಲುವ ಸೀಮೆ ಇದಲ್ಲ. ತುಂಗಭದ್ರೆಯು ತಾಲೂಕಿನ ಅಂಚಿನಲ್ಲಿ ಕೊರ್ಲಹಳ್ಳಿಯ ಕಡೆಗೆ ಹರಿದುಹೋಗುವಳು. ಗುಡ್ಡದ ಬುಡದ ಊರುಗಳಿಗೆ ಕೆರೆ, ಕಟ್ಟೆ, ಹಳ್ಳದ ಮಡುವುಗಳೇ ಆಧಾರ. ಸಮೀಪದ ಡಂಬಳದ ಕೆರೆಯಂಥ ದೊಡ್ಡ ಜಲಾಶಯವೂ ಉಂಟು, ಮಳೆ ಬಂದರೆ ತುಂಬಿ ಬೇಸಿಗೆಗೆ ಬತ್ತುವ ಸಣ್ಣ ಕೆರೆಗಳೂ ಉಂಟು. ಹಸ್ತ ಚಿತ್ತೆಯ ಮಳೆಗಳಿಗೆ ತುಂಬಿದ ನೀರು ಮಾಘ ಫಾಲ್ಗುಣಗಳ ಹೊತ್ತಿಗೆ ಇಳಿಯತೊಡಗುವದು. ನೀರು ಇಳಿದಂತೆ ಕೆರೆಯ ಮೇಲಂಚಿನ ಕಡೆಗೆ ಜೊಂಡು, ಆಪು, ಪಾಚಿಗಳು ಒತ್ತಾಗಿ ಬೆಳೆಯುವವು.

ಈ ಕೆರೆಗಳಲ್ಲಿ ಈಗ ಕಾಟ್ಲ, ರೋಹು, ಮೃಗಾಲ ಎಂಬ ಮೀನುಗಳ ಮರಿಗಳನ್ನು ಬಿಡುವ ರೂಢಿಯಾಗಿದೆ. ಇವು ಹೊಳೆಯ ಮೀನುಗಳು. ನಿಂತ ನೀರಿನಲ್ಲಿ ಬೆಳೆಯುವವಾದರೂ ಅಲ್ಲಿ ತಾವಾಗಿ ತತ್ತಿಯಿಡುವದಿಲ್ಲ. ೧೯೫೭ನೆಯ ಇಸವಿಯ ಜುಲೈ ೧೦ನೆಯ ತಾರೀಖಿಗೆ ಒಡಿಶಾದಲ್ಲಿ ಡಾಕ್ಟರ ಹೀರಾಲಾಲ ಚೌಧರಿಯವರೂ ಅವರ ಸಹಕಾರಿಗಳೂ ಚುಚ್ಚುಮದ್ದಿನಿಂದ ಈ ಜಾತಿಯ ಮೀನುಗಳು ತತ್ತಿಯಿಡುವಂತೆ ಮಾಡಿ ತೋರಿಸಿದರು. ಅಂದಿನಿಂದ ಮೀನುಮರಿಗಳು ಹೊಳೆಯ ಕೃಪೆಯನ್ನು ಕಾಯದೆ ಊರ ಕೆರೆಗಳಿಗೆ ದೊರೆಯುವ ದಾರಿಯಾಯಿತು. ಆದರೆ ದುಡ್ಡು ಕೊಟ್ಟು ತಂದ ಮರಿಯು ಬೆಳೆದು ಬಲೆಗೆ ಬಂದರೆ ಮಾತ್ರ ಲಾಭವು. ನಡುವೆ ಅದನ್ನು ನುಂಗುವವನೊಬ್ಬನು ಜೊಂಡಿನಲ್ಲಿ ಕಾದಿರುವನು.

ಕೊರವ ಮೀನಿನ ಸ್ವಭಾವ

ಕೊರವ, ಕುಚ್ಚು, ಮುರ್ಲು ಎಂದು ಕಡೆಕಡೆಗೆ ಬೇರೆ ಬೇರೆ ಹೆಸರುಗಳುಳ್ಳ ಈ ಮೀನಿನ ತಲೆಯು ಹಾವಿನ ತಲೆಯನ್ನು ಹೋಲುವದು. ಮೈ ಉರುಟು, ಬಾಯಿ ಅಗಲ, ದವಡೆಯ ಎಲುಬು ಗಟ್ಟಿ, ಹಲ್ಲು ಚೂಪು. ಕಿವಿರಿನೊಡನೆ ಗಾಳಿಯನ್ನು ಉಸಿರಾಡುವ ಅಂಗವೂ ಇದಕ್ಕೆ ಇರುವದರಿಂದ ಆಗಾಗ್ಗೆ ನೀರಿನ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಹೋಗುವದು. ಕೆರೆ ಬತ್ತಿದರೂ ಹಸಿ ಕೆಸರಿನಲ್ಲಿ ಹುದುಗಿಕೊಂಡು ಬಹು ದಿವಸ ಬದುಕುವದು. ಆದ ಕಾರಣ ಬತ್ತಿದ ಕೆರೆಯಲ್ಲಿ ಇದು ಇಲ್ಲವೆಂದು ತಿಳಿಯುವದು ತಪ್ಪು.

ಮಳೆಗಾಲದಲ್ಲಿ ಇದು ಜೊಂಡಿನ ನಡುವೆ ತೆರಪು ಮಾಡಿ ತತ್ತಿಯಿಡುವದು. ತತ್ತಿಗಳು ನೀರಿನ ಮೇಲೆ ತೇಲುವವು. ಹುಟ್ಟಿದ ಮರಿಗಳು ಕೆಂಪಗೆ ಒಂದೇ ಗುಂಪಾಗಿ ಸುತ್ತಾಡುವಾಗ ತಾಯಿತಂದೆಗಳು ಕೆಳಗೆ ಕಾವಲಿರುವವು. ಕಪ್ಪೆ, ಹುಳ, ಸಣ್ಣ ಮೀನುಗಳೇ ಇದರ ಆಹಾರ. ಬಿಟ್ಟ ಮರಿಗಳು ಬೆರಳುದ್ದಕ್ಕಿಂತ ಸಣ್ಣವಾಗಿದ್ದರೆ ಇದಕ್ಕೆ ಹಬ್ಬವೇ ಸರಿ.

ಇದರಿಂದ ಕೊರವನು ಕೇವಲ ಶತ್ರುವೆಂದು ಎಣಿಸಲಾಗದು. ಇದರ ಮಾಂಸಕ್ಕೆ ಬೆಲೆಯುಂಟು, ಮುಳ್ಳು ಕಡಿಮೆ, ಒದ್ದೆಯಾಗಿಟ್ಟರೆ ಜೀವಂತವಾಗಿಯೇ ಸಂತೆಗೆ ಮುಟ್ಟುವದು. ನೆರೆಯ ತೆಲಂಗಾಣವು ಇದನ್ನು ತನ್ನ ರಾಜ್ಯದ ಮೀನೆಂದು ಆರಿಸಿಕೊಂಡಿರುವದು. ದನವು ಒಳ್ಳೆಯದಾದರೂ ಬೆಳೆದ ಜೋಳದಲ್ಲಿ ಅದನ್ನು ಬಿಡಲಾಗದಷ್ಟೆ. ಹಾಗೆಯೇ ಮರಿ ಬಿಟ್ಟ ಕೆರೆಯೊಳಗಿನ ಕೊರವನನ್ನು ಹಿಡಿದು ತೆಗೆಯಬೇಕು. ತೆಗೆದರೆ ಅದರಿಂದಲೂ ಹಣವು.

ಒಂದು ಕೆರೆಯಲ್ಲಿ ಕಂಡ ಸಂಗತಿ

ಈ ಸೀಮೆಯ ಒಂದು ಸಣ್ಣ ಕೆರೆಯ ಮೀನಿನ ಗುತ್ತಿಗೆಯನ್ನು ಒಬ್ಬ ಮುದುಕ ಅಂಬಿಗನೂ ಅವನ ಸಂಬಂಧಿಕರೂ ಹಿಡಿದಿದ್ದರು. ಊರಿನ ಗೌಡರು ಅವನ ಪರವಾಗಿ ಮಾತು ಕೊಟ್ಟಿದ್ದರು. ಹಿಂಗಾರಿ ಮಳೆಗೆ ಕೆರೆ ತುಂಬಿತು, ಮರಿಗಳನ್ನು ಬಿಟ್ಟದ್ದಾಯಿತು. ಮಾಘ ಮಾಸದಲ್ಲಿ ಬಲೆ ಎಳೆದು ನೋಡಿದರೆ ಎಣಿಸಿದ್ದರಲ್ಲಿ ಅತಿ ಸ್ವಲ್ಪವೇ ಬಂದಿತು. ಮೇಲಂಚಿನ ಜೊಂಡಿನಲ್ಲಿ ಮಾತ್ರ ಮುಂಜಾನೆ ಸಂಜೆಗಳಲ್ಲಿ ‘ಗುಳುಕ್’ ಎಂದು ಗಾಳಿ ನುಂಗುವ ಸದ್ದು ಕೇಳಿಬರುತ್ತಿದ್ದಿತು. ಬೀಸುಬಲೆಯನ್ನು ಅಲ್ಲಿ ಬೀಸಿದರೆ ಅದು ಜೊಂಡಿನ ಮೇಲೆಯೇ ಹಾಸಿಕೊಳ್ಳುವದು. ಎಳೆಯುವ ಬಲೆ ಹರಿಯುವದು. ಕಪ್ಪೆಯನ್ನು ಚುಚ್ಚಿದ ಗಾಳವನ್ನು ಎಸೆದರೆ ಮೀನಿಗಿಂತ ಮೊದಲು ಜೊಂಡೇ ಅದನ್ನು ಹಿಡಿಯುವದು. ಗುತ್ತಿಗೆಯ ಕಂತು ತುಂಬುವ ದಿನವು ಸಮೀಪಿಸಿದ್ದಿತು. ಅಂಬಿಗನಿಗೆ ಹಣದ ಚಿಂತೆ, ಗೌಡರಿಗೆ ಕೊಟ್ಟ ಮಾತಿನ ಚಿಂತೆ.

ಗೌಡರ ಮಗನು ಪಟ್ಟಣದಲ್ಲಿ ಕಲಿತವನು. ಅವನು ರಜೆಗೆ ಬರುವಾಗ ನೂಲು ಸುತ್ತುವ ರೀಲಿನ ಒಂದು ಗಾಳದ ಕೋಲನ್ನೂ ಒಂದು ಪೊಟ್ಟಣ ಗಾಳಗಳನ್ನೂ ತಂದಿದ್ದನು. ಎರೆಯೊಳಗೆ ಗಾಳದ ಮೊನೆಯನ್ನು ಅಡಗಿಸಿ ತೋರಿಸಿದಾಗ ಮುದುಕನು ಅದನ್ನು ಕೈಯಲ್ಲಿ ಹೊರಳಿಸಿ ನೋಡಿ,

“ಸಣ್ಣ ಗೌಡ್ರ, ಒರಿಯೊಳಗ ಇಟ್ಟ ಕತ್ತಿಲೆ ಯಾರರ ಯುದ್ಧ ಮಾಡ್ತಾರೇನ್ರೀ? ಮೊನಿನ ಮುಚ್ಚಿದ ಮ್ಯಾಲೆ ಮೀನ ಹೆಂಗ ಬೀಳತೈತಿ?” ಎಂದು ಕೇಳಿದನು.

“ಅಜ್ಜಾ, ಜೊಂಡಿಗೆ ಸಿಗಬಾರದಂತ ಮುಚ್ಚೇವಿ. ಮೀನ ಕಚ್ಚಿದ ಕೂಡಲೆ ಹೊರಗ ಬರತೈತಿ” ಎಂದು ಹುಡುಗನು ಉತ್ತರಕೊಟ್ಟನು. ಆದರೆ ಹೇಗೆ ಬರುವದೆಂಬದನ್ನು ಅವನೂ ಆಗ ಸರಿಯಾಗಿ ಅರಿತಿರಲಿಲ್ಲ. ಮೊದಲನೆಯ ಎರಡು ದಿನ ಮೀನು ಕಚ್ಚಿ ಕಚ್ಚಿ ಬಿಟ್ಟುಹೋದವು. ಮುದುಕನ ಸಂಶಯವು ಗಟ್ಟಿಯಾಯಿತು. ಹುಡುಗನ ನಂಬಿಕೆಯೂ ಅಲುಗಾಡಿತು.

ಗಾಳವನ್ನು ಕಟ್ಟುವ ಬಗೆ

ಈ ಕಟ್ಟಿನಲ್ಲಿ ಮೂರೇ ವಸ್ತುಗಳಿರುವವು: ಒಂದು ಗುಂಡು, ಒಂದು ಗಾಳ, ಒಂದು ಮೆತ್ತಗಿನ ಎರೆ.

ಗುಂಡು ಬಂದೂಕದ ಗುಂಡಿನಂತೆ ಒಂದು ಕಡೆಗೆ ಚೂಪಾಗಿರುವದು. ಅದರ ನಡುವಿನ ರಂಧ್ರದಲ್ಲಿ ನೂಲನ್ನು ಪೋಣಿಸಿ ಚೂಪಾದ ತುದಿಯು ಕೋಲಿನ ಕಡೆಗೆ ಇರುವಂತೆ ಮಾಡತಕ್ಕದ್ದು. ಆಗ ಅದು ಜೊಂಡಿನ ಸಂದಿನಲ್ಲಿ ಕೂರಿಗೆಯ ತಾಳಿನಂತೆ ನುಸುಳಿ ಬರುವದು. ೫ರಿಂದ ೧೫ ಗ್ರಾಮಿನ ವರೆಗಿನ ತೂಕವು ಸಾಕಾಗುವದು. ತೆಳುವಾದ ಪಾಚಿಗೆ ಹಗುರ, ದಟ್ಟವಾದ ಜೊಂಡಿಗೆ ಭಾರ.

ಗಾಳವು ಸಾಮಾನ್ಯ ಗಾಳದಂತಲ್ಲ. ಅದರ ಕಣ್ಣಿನ ಕೆಳಗೆ ಕುತ್ತಿಗೆಯು ಒಂದು ಮೆಟ್ಟಿಲಿನಂತೆ ಸೊಟ್ಟಗಿರುವದು. ಈ ಸೊಟ್ಟಿನಲ್ಲಿ ಎರೆಯ ತಲೆಯು ಸಿಕ್ಕು ಜಾರದೆ ನಿಲ್ಲುವದು. ಎರೆಯು ಮೆತ್ತಗಿನ ಪ್ಲಾಸ್ಟಿಕ್ಕಿನದು. ಹುಳದಂತೆಯೋ ಕಪ್ಪೆಯಂತೆಯೋ ಅರ್ಧ ಗೇಣುದ್ದವಾಗಿರುವದು.

ಕಟ್ಟುವ ಕ್ರಮ ಹೀಗಿರುವದು. ಗಾಳದ ಮೊನೆಯನ್ನು ಎರೆಯ ತಲೆಯೊಳಗೆ ನಟ್ಟನಡುವೆ ಕಾಲು ಅಂಗುಲದಷ್ಟು ಹೊಗಿಸಿ ಪಕ್ಕದಿಂದ ಹೊರಗೆ ತೆಗೆಯಬೇಕು. ಗಾಳವನ್ನು ಎಳೆಯುತ್ತ ಹೋಗಿ ಕಣ್ಣು ಎರೆಯ ತಲೆಗೆ ಮುಟ್ಟಿದಾಗ ಅದನ್ನು ಅರ್ಧ ಸುತ್ತು ತಿರುಗಿಸಬೇಕು. ಆಮೇಲೆ ಎರೆಯು ನೆಟ್ಟಗೆ ಇಳಿಬಿದ್ದಾಗ ಗಾಳದ ಬಾಗು ಯಾವ ಜಾಗಕ್ಕೆ ಬರುವದೋ ಅಲ್ಲಿಯೇ ಮೊನೆಯನ್ನು ಎರೆಯ ಮೈಯಲ್ಲಿ ಚುಚ್ಚಬೇಕು. ಮೊನೆಯು ಆ ಕಡೆಯ ತೊಗಲಿನ ವರೆಗೆ ಬಂದು ನಿಲ್ಲಬೇಕೇ ಹೊರತು ಹೊರಗೆ ಕಾಣಬಾರದು. ಎರೆಯು ನೂಲಿನೊಡನೆ ಒಂದೇ ಗೆರೆಯಲ್ಲಿ ನೆಟ್ಟಗಿರಬೇಕು; ಸೊಟ್ಟಗಿದ್ದರೆ ನೀರಿನಲ್ಲಿ ಗಿರಗಿರನೆ ತಿರುಗಿ ನೂಲನ್ನು ಹೊಸೆದುಬಿಡುವದು.

ಈಗ ಕೆಲಸದ ಮರ್ಮವನ್ನು ನೋಡತಕ್ಕದ್ದು. ಜೊಂಡಿನ ಎಲೆಯು ಎರೆಯನ್ನು ಸವರಿದಾಗ ಅದರ ಒತ್ತಡವು ಅಲ್ಪ. ಮೊನೆಯು ಒಳಗೇ ಉಳಿಯುವದು. ಮೀನು ಕಚ್ಚಿದಾಗಲಾದರೋ ಅದರ ದವಡೆಗಳು ಎರೆಯನ್ನು ಅದುಮುವವು. ಆಗ ಕೋಲನ್ನು ಬಲವಾಗಿ ಸೆಳೆದರೆ ಮೆತ್ತಗಿನ ಎರೆಯು ಕುಗ್ಗಿ ಬಾಗಿನೊಳಕ್ಕೆ ಸರಿಯುವದು. ಮೊನೆಯು ತೊಗಲನ್ನು ಹರಿದು ಹೊರಟು ದವಡೆಯಲ್ಲಿ ನಾಟುವದು. ಅಂದ ಮೇಲೆ ಗಾಳದ ಮೊನೆಯು ಇಲ್ಲದಾಗಿಲ್ಲ. ಕಾಲಕ್ಕೆ ಹೊರಬರುವಂತೆ ಅದನ್ನು ಇಟ್ಟಿರುವದು.

ಸೋಲಿನ ಕಾರಣಗಳು

ಗೌಡರ ಮಗನ ಮೊದಲಿನ ಸೋಲು ಗಾಳದ ದೋಷದಿಂದಲ್ಲ, ಅರೆ ತಿಳುವಳಿಕೆಯಿಂದ. ಅಂಬಿಗನೂ ಅವನೂ ಕೂಡಿ ಒಂದೊಂದಾಗಿ ಕಾರಣಗಳನ್ನು ಹುಡುಕಿದರು.

ಮೊದಲನೆಯದು, ಕೊಂಡ ಎರೆಗಳು ಬೇಗನೆ ಹರಿಯುವವೆಂದು ಹುಡುಗನು ಹಳೆಯ ಸೈಕಲ್ಲಿನ ಟ್ಯೂಬನ್ನು ಕತ್ತರಿಸಿ ಎರೆ ಮಾಡಿದ್ದನು. ಆ ರಬ್ಬರು ಬಿಗಿಯಾದದ್ದು. ಎಷ್ಟು ಸೆಳೆದರೂ ಮೊನೆಯು ಅದನ್ನು ಹರಿದು ಬರಲಾರದು. ಎರಡನೆಯದು, ಗಾಳವು ಸಣ್ಣದಾಗಿದ್ದಿತು. ಎರೆಯು ಕುಗ್ಗಿ ಕೂಡುವಷ್ಟು ತೆರಪು ಬಾಗಿನಲ್ಲಿ ಇಲ್ಲದಿದ್ದರೆ ಮೊನೆಗೆ ನಾಟುವ ಎಡೆ ಎಲ್ಲಿ? ಮೂರನೆಯದು, ಕಚ್ಚಿದ ಸಪ್ಪಳವಾದ ಕ್ಷಣದಲ್ಲಿಯೇ ಅವನು ಗಾಬರಿಯಿಂದ ಕೋಲನ್ನೆತ್ತುತ್ತಿದ್ದನು. ನೂಲು ಸಡಿಲಾಗಿರುವಾಗ ಎತ್ತಿದರೆ ಸೆಳೆತವೆಲ್ಲ ನೂಲಿನಲ್ಲಿಯೇ ಮುಗಿದು ಗಾಳಕ್ಕೆ ಮುಟ್ಟುವದಿಲ್ಲ. ಕೋಲಿನ ತುದಿಯನ್ನು ಮೀನಿನ ಕಡೆಗೆ ತಗ್ಗಿಸಿ, ಸಡಿಲನ್ನು ಸುತ್ತಿಕೊಂಡು, ಮೀನಿನ ಭಾರವು ಕೈಗೆ ತಿಳಿದ ಮೇಲೆ ಒಮ್ಮೆಲೆ ಸೆಳೆಯತಕ್ಕದ್ದು. ನಾಲ್ಕನೆಯದು, ಕಲ್ಲಿಗೆ ತಾಕಿ ಮೊನೆಯು ಮೊಂಡಾಗಿದ್ದಿತು. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟರೆ ಅದು ಜಾರದೆ ಕಚ್ಚಬೇಕು. ಜಾರಿದರೆ ಅರದಿಂದ ಮಸೆಯಬೇಕು. ಕೊರವನ ದವಡೆಯಂಥ ಗಟ್ಟಿ ಎಲುಬಿಗೆ ಮೊಂಡು ಗಾಳವು ನಡೆಯದು.

ಈ ನಾಲ್ಕರಲ್ಲಿ ಕೊನೆಯ ಎರಡನ್ನು ಕಂಡುಹಿಡಿದವನು ಮುದುಕನೇ. ಸಲಕರಣೆ ಹೊಸದಾದರೂ ಮೀನು ಹಳೆಯದು. ಅದರ ನಡತೆಯನ್ನು ಅವನು ಐವತ್ತು ವರುಷ ಕಂಡವನು. ಹೊಸ ವಿದ್ಯೆಯು ಹಳೆಯ ಅನುಭವದ ಕೈ ಹಿಡಿದರೆ ಮಾತ್ರ ನಡೆಯಬಲ್ಲದೆಂಬದಕ್ಕೆ ಇದು ಉದಾಹರಣೆಯು.

ಮೂರು ಮುಂಜಾವಿನ ಪರೀಕ್ಷೆ

ಬಳಿಕ ಗೌಡರು ಒಂದು ಪರೀಕ್ಷೆಯನ್ನು ಗೊತ್ತುಪಡಿಸಿದರು. ಹೊಲದಲ್ಲಿ ಎರಡು ಬೀಜಗಳನ್ನು ಹೋಲಿಸಬೇಕಾದರೆ ಒಂದೇ ನೆಲ, ಒಂದೇ ಹದ, ಒಂದೇ ಬಿತ್ತಿಗೆಯ ದಿವಸ ಇರಬೇಕಲ್ಲವೆ? ಅದರಂತೆ ಒಂದೇ ಜೊಂಡು, ಒಂದೇ ಹೊತ್ತು; ಮುದುಕನ ಕಪ್ಪೆಯ ಗಾಳ ಇಪ್ಪತ್ತು ಎಸೆತ, ಮೊನೆ ಮುಚ್ಚಿದ ಗಾಳ ಇಪ್ಪತ್ತು ಎಸೆತ, ಒಂದಾದ ಮೇಲೊಂದು. ಬಾಯಿಯ ಲೆಕ್ಕ ಬೇಡವೆಂದು ಪ್ರತಿಯೊಂದು ಎಸೆತವನ್ನೂ ಒಂದು ವಹಿಯಲ್ಲಿ ಬರೆಯಲಾಯಿತು.

ಮೊದಲನೆಯ ಮುಂಜಾನೆ ತೆರೆದ ಗಾಳವು ಅರ್ಧಕ್ಕಿಂತ ಹೆಚ್ಚು ಸಲ ಜೊಂಡಿನಲ್ಲಿ ಸಿಕ್ಕಿತು. ಅದನ್ನು ಬಿಡಿಸುವ ಗದ್ದಲಕ್ಕೆ ಮೀನುಗಳು ಚದರಿದವು. ಒಂದು ಗಾಳವು ಹರಿದೇ ಹೋಯಿತು. ಮೊನೆ ಮುಚ್ಚಿದ ಗಾಳವು ಬಹುತೇಕ ಎಲ್ಲ ಸಲವೂ ಸ್ವಚ್ಛವಾಗಿ ತಿರುಗಿ ಬಂದಿತು. ಆದರೆ ಮೀನು ಎರಡಕ್ಕೂ ಬೀಳಲಿಲ್ಲ. “ಜೊಂಡಿಗೂ ಸಿಗಾಂಗಿಲ್ಲ, ಮೀನಕ್ಕೂ ಸಿಗಾಂಗಿಲ್ಲ” ಎಂದು ಮುದುಕನು ನಕ್ಕನು. ಎರಡನೆಯ ಮುಂಜಾನೆ ಮೊನೆ ಮುಚ್ಚಿದ ಗಾಳಕ್ಕೆ ಮೀನು ಕಚ್ಚಿದವು. ಅವಸರದಿಂದ ಅವು ತಪ್ಪಿದವು. ಮೂರನೆಯ ಮುಂಜಾನೆ ಮುದುಕನು ತಾನೇ ಆ ಕೋಲನ್ನು ತೆಗೆದುಕೊಂಡನು. ಜೊಂಡಿನ ತೆರಪಿನ ಆಚೆಗೆ ಎಸೆದು, ಎರೆಯನ್ನು ತೆರಪಿಗೆ ಮೆಲ್ಲಗೆ ತಂದು, ಅಲ್ಲಿ ಇಳಿಯಗೊಟ್ಟು ನಿಂತನು. ನೂಲು ಪಕ್ಕಕ್ಕೆ ಸರಿಯಿತು. ಅವನು ಕೋಲನ್ನು ತಗ್ಗಿಸಿ, ಉಸಿರು ಬಿಗಿಹಿಡಿದು, ಸಡಿಲನ್ನು ಸುತ್ತಿ ಸೆಳೆದನು. ಮೊಳದುದ್ದದ ಕೊರವನು ಜೊಂಡನ್ನು ಸೀಳಿಕೊಂಡು ದಂಡೆಗೆ ಬಂದಿತು. ಗಾಳವು ಮೇಲಿನ ದವಡೆಯಲ್ಲಿ ನಾಟಿದ್ದಿತು. ಅದನ್ನು ಬಿಡಿಸುತ್ತ ಮುದುಕನು,

“ಮೊನಿ ಮುಚ್ಚಿಕೊಂಡಿಲ್ಲ ಬಿಡ್ರಿ ಸಣ್ಣ ಗೌಡ್ರ, ಬಾಗಲದ ಮರಿಗೆ ನಿಂತೈತಿ” ಎಂದನು.

ಮುಂದಿನ ದಿನಗಳಲ್ಲಿ ಆ ಜೊಂಡಿನಿಂದ ಕೊರವಗಳು ಒಂದೊಂದಾಗಿ ಹೊರಬಿದ್ದವು. ಜೀವಂತವಾಗಿ ಸಂತೆಗೆ ಹೋದವು. ಅವುಗಳಿಂದ ಆ ವರುಷದ ನಷ್ಟವೆಲ್ಲವೂ ತುಂಬಿಬರಲಿಲ್ಲ. ಕಂತಿನ ಒಂದು ಪಾಲು ಮಾತ್ರ ತೀರಿತು, ಉಳಿದುದಕ್ಕೆ ಗೌಡರು ಅವಧಿಯನ್ನು ಕೇಳಿಕೊಂಡರು. ಮರುವರುಷ ಬೆರಳುದ್ದಕ್ಕಿಂತ ದೊಡ್ಡ ಮರಿಗಳನ್ನೇ ಬಿಡಬೇಕೆಂದು ನಿಶ್ಚಯವಾಯಿತು.

ಎಲ್ಲಿ ಉಪಯೋಗವಿಲ್ಲ

ಅದೇ ವಹಿಯಿಂದ ಇನ್ನೊಂದು ಸಂಗತಿಯೂ ತಿಳಿದುಬಂದಿತು. ತೂಬಿನ ಹತ್ತಿರದ ತಿಳಿನೀರಿನಲ್ಲಿ ಮುದುಕನ ಹಳೆಯ ತೆರೆದ ಗಾಳವೇ ಮೇಲಾಗಿದ್ದಿತು. ಅಲ್ಲಿ ಸಿಕ್ಕಿಕೊಳ್ಳುವ ಜೊಂಡಿಲ್ಲ. ಆದ್ದರಿಂದ ಮೊನೆಯನ್ನು ಮುಚ್ಚುವ ಕಾರಣವೂ ಇಲ್ಲ. ಮುಚ್ಚಿದ ಮೊನೆಯು ಎಷ್ಟೆಂದರೂ ತೆರೆದ ಮೊನೆಗಿಂತ ಒಂದು ಗಳಿಗೆ ತಡವಾಗಿ ನಾಟುವದು. ಮುದುಕನು ತನ್ನ ಹಳೆಯ ಗಾಳಗಳನ್ನು ಬಿಸಾಡಲಿಲ್ಲ. ತೂಬಿಗೆ ಒಂದು, ಜೊಂಡಿಗೆ ಒಂದು ಎಂದು ಎರಡನ್ನೂ ಇಟ್ಟುಕೊಂಡನು. ಎರೆ ನೆಲಕ್ಕೆ ಒಂದು ಕುಂಟೆ, ಮಸಾರಿಗೆ ಒಂದು ಕುಂಟೆ ಇಟ್ಟುಕೊಳ್ಳುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಸಲಕರಣೆಯನ್ನು ನಂಬುವದೆಂದರೆ ಅದು ಎಲ್ಲಿ ನಡೆಯುವದು, ಎಲ್ಲಿ ನಡೆಯದು ಎಂಬ ಎರಡನ್ನೂ ಅರಿಯುವದು.

ಗಾಳವೊಂದರಿಂದಲೇ ಕೆರೆಯ ಕೊರವಗಳೆಲ್ಲ ತೀರುವವೆಂದೂ ತಿಳಿಯಬಾರದು. ಬೇಸಿಗೆಯಲ್ಲಿ ನೀರು ಇಳಿದಾಗ ಮಡುವುಗಳನ್ನು ಬಲೆಯಿಂದ ಶೋಧಿಸುವದು, ಜೊಂಡನ್ನು ಕಿತ್ತು ತೆಗೆಯುವದು, ಹತ್ತು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಮರಿಗಳನ್ನು ಬಿಡುವದು, ಇವೇ ಮುಖ್ಯ ಉಪಾಯಗಳು. ನೀರು ನಿಂತಿರುವಾಗ ಬಲೆ ಹೋಗದ ಎಡೆಯಲ್ಲಿ ಗಾಳವು ಸಹಾಯಕ್ಕೆ ಬರುವದು.

ಈ ವಿದ್ಯೆಯ ಪೂರ್ವಕಥೆ

ಕೋಲುಗಾಳವು ಈ ನಾಡಿಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಕಲ್ಯಾಣದ ಚಾಲುಕ್ಯರ ಅರಸನಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವುಂಟು. ಮೀನುಗಳ ಜಾತಿಗಳು, ಅವುಗಳಿಗೆ ಹಾಕತಕ್ಕ ಆಹಾರ, ನೂಲು, ಕೋಲು, ಗಾಳ ಇವುಗಳ ವಿಚಾರವು ಅಲ್ಲಿ ಬಂದಿರುವದು. ಡಂಬಳವೂ ಆ ಚಾಲುಕ್ಯರ ಆಳಿಕೆಗೆ ಸೇರಿದ ಊರಾಗಿದ್ದಿತು. ಮುಂದೆ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಹಿಂದುಸ್ತಾನದ ಕೋಲುಗಾಳದ ವಿಷಯವಾಗಿ ಬರೆದ ಇಂಗ್ಲಿಷ್ ಪುಸ್ತಕವು ೧೮೭೩ನೆಯ ಇಸವಿಯಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು.

ಮೊನೆಯನ್ನು ಮುಚ್ಚುವ ಕಟ್ಟು ಮಾತ್ರ ಅಮೇರಿಕೆಯದು. ಅಲ್ಲಿಯ ಕೆರೆ ಸರೋವರಗಳಲ್ಲಿ ಬಾಸ್ ಎಂಬ ಅಗಲ ಬಾಯಿಯ ಮೀನುಂಟು. ಕೊರವನಂತೆ ಅದೂ ಜೊಂಡಿನಲ್ಲಿ ಹೊಂಚಿ ಕಪ್ಪೆ ಮೀನುಗಳನ್ನು ಹಿಡಿಯುವದು. ೧೯೪೯ನೆಯ ಇಸವಿಯಲ್ಲಿ ಓಹಾಯೋ ಪ್ರಾಂತದ ನಿಕ್ ಕ್ರೀಮ್ ಎಂಬವರು ಮೆತ್ತಗಿನ ಪ್ಲಾಸ್ಟಿಕ್ ಹುಳವನ್ನು ತಯಾರಿಸಿದರು. ಮುಂದೆ ಟೆಕ್ಸಾಸ್ ಪ್ರಾಂತದ ಮೀನುಗಾರರು, ಮುಳುಗಿದ ಗಿಡಗಂಟಿಗಳ ನಡುವೆ ಗಾಳವು ಸಿಕ್ಕಬಾರದೆಂದು, ಮೊನೆಯನ್ನು ಆ ಹುಳದಲ್ಲಿಯೇ ಹುದುಗಿಸುವ ಬಗೆಯನ್ನು ರೂಢಿಗೆ ತಂದರು. ಆ ಪ್ರಾಂತದ ಹೆಸರೇ ಈ ಕಟ್ಟಿಗೆ ಉಳಿದಿರುವದು.

ಎಚ್ಚರಿಕೆಗಳು

ಇಲ್ಲಿ ಒಕ್ಕಲುತನಕ್ಕೆ ಸಂಬಂಧಿಸಿದ ಲಾಭವೊಂದುಂಟು. ಕೃತಕ ಎರೆಯನ್ನು ಬಳಸಿದರೆ ಕಪ್ಪೆಗಳು ಉಳಿಯುವವು. ಕಪ್ಪೆಯು ಬೆಳೆಯ ಹುಳಗಳನ್ನು ತಿನ್ನುವ ರೈತನ ಮಿತ್ರನು. ಕಪ್ಪೆಯ ಕಾಲುಗಳನ್ನು ಪರದೇಶಗಳಿಗೆ ಕಳಿಸುವ ವ್ಯಾಪಾರವನ್ನು ಭಾರತ ಸರಕಾರವು ೧೯೮೭ರಲ್ಲಿ ನಿಲ್ಲಿಸಿತು. ಗಾಳಕ್ಕೆಂದು ಅವುಗಳನ್ನು ಹಿಡಿಯುವದು ತಪ್ಪಿದರೆ ಹೊಲಕ್ಕೂ ಹಿತವು.

ಆದರೆ ಗುಂಡಿನ ವಿಷಯದಲ್ಲಿ ಜಾಗ್ರತೆ ಬೇಕು. ಸೀಸವು ವಿಷವು. ಕಳೆದುಹೋದ ಸೀಸದ ಗುಂಡುಗಳನ್ನು ನೀರುಹಕ್ಕಿಗಳು ಹರಳೆಂದು ನುಂಗಿ ಸಾಯುವವು. ಇಂಗ್ಲೆಂಡಿನಲ್ಲಿ ಹಂಸಗಳು ಹೀಗೆ ಸತ್ತುದರಿಂದ ೧೯೮೭ರಲ್ಲಿ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು ನಿಷೇಧಿಸಿದರು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುವವು. ೨೦೨೪ರಲ್ಲಿ ಆ ಕೆರೆಯು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಹಕ್ಕಿಗಳು ಒಂದೇ ಕೆರೆಯಲ್ಲಿ ಕೂಡ್ರುವದಿಲ್ಲ. ಆದ್ದರಿಂದ ಸೀಸದ ಬದಲು ಹಿತ್ತಾಳೆಯ ಇಲ್ಲವೆ ಕಬ್ಬಿಣದ ಗುಂಡನ್ನೇ ಉಪಯೋಗಿಸತಕ್ಕದ್ದು. ಹರಿದ ಪ್ಲಾಸ್ಟಿಕ್ ಎರೆಯನ್ನೂ ತುಂಡು ನೂಲನ್ನೂ ಕೆರೆಯಲ್ಲಿ ಚೆಲ್ಲದೆ ಮನೆಗೆ ತರತಕ್ಕದ್ದು. ಮೀನು ನುಂಗಿದರೂ ದನ ನುಂಗಿದರೂ ಅದು ಕೇಡೇ.

ಗ್ರಾಮದ ಹಿರಿಯರು ಮಾಡತಕ್ಕದ್ದು

೧. ಕೆರೆಯ ಮೀನಿನ ಹಕ್ಕು ಯಾರದೆಂಬದನ್ನು ಗ್ರಾಮ ಪಂಚಾಯತಿಯಲ್ಲಿಯೂ ಮೀನುಗಾರಿಕೆಯ ಇಲಾಖೆಯಲ್ಲಿಯೂ ವಿಚಾರಿಸಿಕೊಳ್ಳಬೇಕು. ಗುತ್ತಿಗೆದಾರನ ಒಪ್ಪಿಗೆಯಿಲ್ಲದೆ ಯಾರೂ ಗಾಳ ಹಾಕಬಾರದು. ಕಪ್ಪತಗುಡ್ಡದ ಭಾಗವು ೨೦೧೯ರಲ್ಲಿ ವನ್ಯಜೀವಿಧಾಮವಾಗಿರುವದರಿಂದ ಆ ಮೇರೆಯೊಳಗಿನ ನೀರಿಗೆ ಅರಣ್ಯ ಇಲಾಖೆಯ ನಿಯಮಗಳು ಅನ್ವಯಿಸುವವು.

೨. ಮರಿ ಬಿಡುವ ಮುನ್ನ ಕೆರೆಯಲ್ಲಿ ಕೊರವ ಇರುವದೋ ಎಂಬದನ್ನು ಮುಂಜಾನೆ ಸಂಜೆ ದಂಡೆಯ ಮೇಲೆ ನಿಂತು ನೋಡಬೇಕು. ಗಾಳಿ ನುಂಗುವ ಸದ್ದೇ ಗುರುತು.

೩. ಕೃಷಿಹೊಂಡದಲ್ಲಿ ಮೀನು ಸಾಕುವ ಜಮೀನುದಾರರು ಹಳ್ಳದ ನೀರನ್ನು ಹಾಗೆಯೇ ಒಳಗೆ ಬಿಡದೆ ಸಣ್ಣ ಕಣ್ಣಿನ ಜಾಳಿಗೆಯಿಂದ ಸೋಸಬೇಕು. ಕೊರವನ ಮರಿಗಳು ನೀರಿನೊಡನೆ ಬರುವವು.

೪. ಹೊಸ ಗಾಳವನ್ನು ಊರಿನ ಮೀನುಗಾರನ ಕೈಗೇ ಮೊದಲು ಕೊಡಬೇಕು. ಮೊದಲು ಜೊಂಡಿಲ್ಲದ ತಿಳಿನೀರಿನಲ್ಲಿ ಎಸೆದು, ಎರೆಯು ಹೇಗೆ ಇಳಿಯುವದು, ಹೇಗೆ ನಡೆಯುವದು ಎಂಬದನ್ನು ಕಣ್ಣಾರೆ ಕಾಣಬೇಕು. ಆಮೇಲೆ ಜೊಂಡಿಗೆ ಹೋಗಬೇಕು.

೫. ಇಪ್ಪತ್ತು ಇಪ್ಪತ್ತು ಎಸೆತಗಳ ಲೆಕ್ಕವನ್ನು ಬರೆದಿಡಬೇಕು. ಒಂದು ದಿನದ ಸೋಲಿನಿಂದ ಬಿಡಲೂ ಬಾರದು, ಒಂದು ದಿನದ ಗೆಲುವಿನಿಂದ ಉಬ್ಬಲೂ ಬಾರದು.

ಈ ಕೊನೆಯ ಮಾತು ಗಾಳಕ್ಕೆ ಮಾತ್ರ ಹೊಂದುವದಲ್ಲ. ಹೊಸ ಬೀಜ, ಹೊಸ ಗೊಬ್ಬರ, ಹೊಸ ಯಂತ್ರ ಯಾವದೇ ಇರಲಿ, ಅದು ಹೇಗೆ ಕೆಲಸ ಮಾಡುವದೆಂದು ತಿಳಿದು, ಹಳೆಯದರ ಮಗ್ಗುಲಲ್ಲಿಟ್ಟು ತೂಗಿ, ಲೆಕ್ಕವನ್ನು ನೋಡಿ ಒಪ್ಪಿಕೊಂಡರೆ ಆ ನಂಬಿಕೆಯು ಉಳಿಯುವದು. ಅಂಬಿಗನು ಕೋಲನ್ನು ತಾನೇ ಕೈಗೆ ತೆಗೆದುಕೊಂಡುದು ಯಾರ ಉಪದೇಶದಿಂದಲೂ ಅಲ್ಲ. ಎರಡು ಮುಂಜಾವಿನ ಲೆಕ್ಕವು ವಹಿಯಲ್ಲಿ ಅವನ ಕಣ್ಣೆದುರಿಗೆ ಇದ್ದಿತು.